ಮೂರನೇ ಗೋಡೆಯ ಸದ್ದು

ನನ್ನ ಅಕ್ಕ ಮೆಲ್ಬರ್ನಿನಲ್ಲಿ ನಿಜ ಹೇಳಿ ಸೋತಳು ಎಂದು ಸಿಡ್ನಿಯ ಪಶ್ಚಿಮದ ಸಬರ್ಬುಗಳಲ್ಲಿರುವ ಕನ್ನಡಿಗರ ಪೈಕಿ ಅರ್ಧ ಜನ ನಂಬಿದ್ದಾರೆ. ಉಳಿದರ್ಧ ಜನರಿಗೆ ಭಾವ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಬ್ಲ್ಯಾಕ್‌ಟೌನಿನ ಯಾವ ಪಾರ್ಕಿನಲ್ಲಿ ಬಾರ್ಬೆಕ್ಯೂ ಇಟ್ಟುಕೊಂಡರೂ ಜೋಳದ ತೆನೆ ಸುಡುವ ಹೊತ್ತಿಗೆ ಭಾವ ಶುರು ಮಾಡುತ್ತಾರೆ. "ಫೈನಲ್ಲು. ಇಬ್ರೂ ಇಪ್ಪತ್ತೊಂಬತ್ತು. ಒಂದೇ ಒಂದು ಪಾಯಿಂಟು ಬೇಕು. ಇವಳು ಹೊಡೆದ್ಲು, ಬಾಲು ಹೋಗಿ ಟಕ್ ಅಂತ ತಗಲ್ತು. ರೆಫರಿಗೆ ಡೌಟು. ಇವಳ ಮುಖ ನೋಡ್ದ. ಇವಳು, ಇಲ್ಲ ಸಾರ್, ಮೂರನೇ ಕುಶನ್ ಮುಟ್ಲಿಲ್ಲ ಅಂತ ತಲೆ ಆಡಿಸ್ಬಿಟ್ಲು. ಗೆದ್ದಿದ್ದ ಗೇಮು! ಯಾರ್ರೀ ಮಾಡ್ತಾರೆ ಈ ಕಾಲದಲ್ಲಿ?"

ಆಂಟಿಯರೆಲ್ಲ ಅಕ್ಕನ ಕಡೆ ತಿರುಗಿ "ಗ್ರೇಟ್ ಕಣಮ್ಮ ನೀನು" ಎನ್ನುತ್ತಾರೆ. ಅಕ್ಕ ಸಾಸ್ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಿರುತ್ತಾಳೆ.

ನಾನು ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಪದವಿಯಲ್ಲಿ ಓದಿದ್ದು ಮರೆತಿರಬಹುದು, ಆದರೆ ಒಬ್ಬರು ಏನಾದರೂ ಹೇಳಿದ ಕೂಡಲೇ "ನೋಡಿದ್ದು ಯಾರು, ನಿಂತಿದ್ದು ಎಲ್ಲಿ" ಎಂದು ಕೇಳುವ ಚಟ ಮಾತ್ರ ಬಿಟ್ಟಿಲ್ಲ. ಈ ಕಥೆಗೂ ಅದನ್ನೇ ಕೇಳೋಣ. ಆ ಚೆಂಡು ಉರುಳಿದಾಗ ಭಾವ ಎಲ್ಲಿದ್ದರು? ಬೀದಿಯಲ್ಲಿ. ಕಾರು ನಿಲ್ಲಿಸುವ ಅವಧಿ ಮುಗಿದಿತ್ತು, ಅದನ್ನು ಬೇರೆ ಕಡೆ ಇಡಲು ಹೋಗಿದ್ದರು. ನಾನು ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ, ಉಗುರು ಕಚ್ಚುತ್ತ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು. ಮೈಸೂರಿನವಳು, ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ನಾನು ಎಂ.ಎಸ್. ಓದಲು ಬಂದು ಟೂಂಗಾಬಿಯ ಅವರ ಮನೆಯ ಚಿಕ್ಕ ರೂಮಿನಲ್ಲಿ ಠಿಕಾಣಿ ಹೂಡಿದ್ದೆ. ಅಕ್ಕ ಕಾಲೇಜಿನ ದಿನಗಳಲ್ಲಿ ಕೇರಂ ಆಡಿ ರಾಜ್ಯಮಟ್ಟದಲ್ಲಿ ಗೆದ್ದವಳು. ರಾಷ್ಟ್ರಮಟ್ಟಕ್ಕೆ ಆಯ್ಕೆಯೂ ಆಗಿದ್ದಳು, ಹೋಗಲಿಲ್ಲ. ಅದೇ ವಾರ ಅವಳ ನಿಶ್ಚಿತಾರ್ಥ ಇತ್ತು. ಅಂದರೆ ಅಡ್ಡ ಬಂದದ್ದು ಸ್ವತಃ ಭಾವ. ಅದಕ್ಕೆ ಅಕ್ಕ ಒಂದು ದಿನವೂ ಅವರನ್ನು ಚುಚ್ಚಿದವಳಲ್ಲ, ಆದರೆ ಊಟವಾದ ಮೇಲೆ ಮೇಜಿನ ಮೇಲೆ ಉಳಿದ ಕಡಲೆಬೀಜವನ್ನು ಬೆರಳಿನಿಂದ ಚಿಮ್ಮಿ, ಗೋಡೆಗೆ ಬಡಿಸಿ, ಅದು ವಾಪಸ್ ಬಂದು ಉಪ್ಪಿನ ಡಬ್ಬಿಗೆ ತಾಗುವಂತೆ ಮಾಡುತ್ತಿದ್ದಳು. ಪ್ರತಿ ಸಲ ಡಬ್ಬಿ ಟಿಣ್ ಎಂದಾಗಲೂ ಭಾವನ ಮುಖ ಸ್ವಲ್ಪ ಇಳಿಯುತ್ತಿತ್ತು.

ಅದಕ್ಕೇ ಇರಬೇಕು, ಸ್ಟ್ರಾತ್‌ಫೀಲ್ಡಿನ ಕಡೆ ಹೋಗಿದ್ದಾಗ ಒಂದು ಮಹಡಿಯ ಮೇಲೆ ಇಂಗ್ಲಿಷಿನಲ್ಲಿ 'ಕೇರಂ' ಎಂಬ ಬೋರ್ಡು ಕಂಡವರೇ ಅವರು ಓಡಿ ಬಂದರು.

"ಸಿಡ್ನಿಲಿ ಕೇರಂ ಕ್ಲಬ್ಬಿದೆ ಕಣೇ! ಆದ್ರೆ ಸ್ಪೆಲಿಂಗಲ್ಲಿ ಒಂದು ಆರ್ ಕಮ್ಮಿ ಇದೆ."

"ಹಾಗಾದ್ರೆ ಅದು ಕೇರಂ ಅಲ್ಲ ಭಾವ," ಎಂದೆ ನಾನು.

"ನಿಂದೊಂದು. ಈ ದೇಶದಲ್ಲಿ ಲೇಬರ್ ಪಾರ್ಟಿ ಸ್ಪೆಲಿಂಗಲ್ಲೇ ಒಂದು ಯು ಇಲ್ಲ. ಇದ್ರಲ್ಲಿ ಒಂದು ಆರ್ ಉಳಿಸ್ಕೊಂಡಿದಾರೆ. ಎಲ್ಲಾ ಸರಿಹೋಗುತ್ತೆ."

ನನಗೆ ಪುರಾವೆ ಬೇಕಿತ್ತು. ಭಾವ ತಮ್ಮ ಮಡಚುವ ಮೊಬೈಲು ತೆಗೆದು, ನಮ್ಮೆಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಅಲ್ಲಿಗೆ ಫೋನ್ ಮಾಡಿದರು. ಆ ಕಡೆ ಯಾರೋ ಹಿರಿಯರು, ನಿಧಾನದ ಇಂಗ್ಲಿಷ್.

"ಸ್ಟ್ರೈಕರ್ ನಾವೇ ತರಬೇಕಾ?"

"ತನ್ನಿ, ತನ್ನಿ. ಇಲ್ಲಿ ಚೆನ್ನಾಗಿ ಆಡುವವರೆಲ್ಲ ತಮ್ಮದನ್ನೇ ತರುತ್ತಾರೆ."

"ಪೌಡರು?"

"ಪೌಡರ್ ನಮ್ಮಲ್ಲೇ ಇದೆ."

"ರೆಡ್ಡು ಇರುತ್ತಾ?"

"ಕೆಂಪು ಇಲ್ಲದೆ ಹೇಗೆ ಆಡುವುದು?"

ಭಾವ ನನ್ನ ಕಡೆ ಗೆದ್ದವರ ನಗೆ ಬೀರಿದರು. ನಾನು ಸೋಲೊಪ್ಪಿಕೊಂಡೆ. ಎಲ್ಲ ಉತ್ತರಗಳೂ ನೂರಕ್ಕೆ ನೂರು ಸರಿಯಿದ್ದು ತೀರ್ಮಾನ ಮಾತ್ರ ಪೂರ್ತಿ ತಪ್ಪಾಗಬಹುದು ಎಂಬುದನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನಾನು ಇಷ್ಟು ಚೆನ್ನಾಗಿ ಕಲಿತಿರಲಿಲ್ಲ.

ಶನಿವಾರ ಮಧ್ಯಾಹ್ನ ಅಕ್ಕ ಮೈಸೂರಿನಿಂದ ತಂದಿದ್ದ ಸ್ಟ್ರೈಕರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಆ ಮೆಟ್ಟಿಲು ಹತ್ತಿದಳು. ಮೇಲೆ ಒಂದು ಉದ್ದನೆಯ ಹಾಲು. ನಮ್ಮ ಮನೆಯ ಡಬಲ್ ಕಾಟಿಗಿಂತ ದೊಡ್ಡದಾದ ನಾಲ್ಕು ಮೇಜುಗಳು, ಅವುಗಳ ಮೇಲೆ ನೀಲಿ ಬಟ್ಟೆ. ಒಂದೊಂದರ ಮೇಲೂ ಮೂರೇ ಮೂರು ಚೆಂಡು: ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು. ಆಡುತ್ತಿದ್ದವರ ಕೈಯಲ್ಲಿ ಉದ್ದ ಕೋಲು. ಅಕ್ಕ ಒಂದು ಮೇಜಿನ ಸುತ್ತ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿ ಬಂದಳು.

"ತೂತೇ ಇಲ್ವಲ್ಲೇ! ಎಲ್ಲಿಗ್ ಹಾಕೋದು?"

ಎಲ್ಲಿಗೂ ಹಾಕುವುದಿಲ್ಲ. ಹಾಲಿನ ಯಜಮಾನರು ಕೊರಿಯಾದವರು, ಫೋನಿನಲ್ಲಿ ಮಾತಾಡಿದವರು ಅವರೇ. ಅಕ್ಕನ ಕರ್ಚೀಫಿನಿಂದ ಹೊರಬಂದ ಸ್ಟ್ರೈಕರನ್ನು ನೋಡಿ, ಅದನ್ನೇ ಭಾವ ಫೋನಿನಲ್ಲಿ ಕೇಳಿದ್ದು ಎಂದು ಗೊತ್ತಾದಾಗ, ಅವರು ಕೌಂಟರ್ ಹಿಡಿದುಕೊಂಡು ನಕ್ಕರು. ಸ್ಟ್ರೈಕರ್ ಎಂದರೆ ಹೊಡೆಯುವ ಕೋಲು, ಪೌಡರು ಎಂದರೆ ಕೋಲು ಜಾರಲು ಕೈಗೆ ಹಚ್ಚುವುದು ಎಂದು ಅವರು ತಿಳಿದಿದ್ದರಂತೆ. ಆಮೇಲೆ ನಮಗೆ ಆಟ, ಬಿಲಿಯರ್ಡ್ಸಿನ ಒಂದು ಬಗೆ, ವಿವರಿಸಿದರು. ನಿನ್ನ ಚೆಂಡು ಉಳಿದೆರಡು ಚೆಂಡುಗಳನ್ನೂ ಮುಟ್ಟಬೇಕು. ಆದರೆ ಎರಡನೆಯದನ್ನು ಮುಟ್ಟುವ ಮೊದಲು ಅದು ಮೇಜಿನ ರಬ್ಬರು ಅಂಚಿಗೆ, ಅಂದರೆ ಕುಶನ್‌ಗೆ, ಕನಿಷ್ಠ ಮೂರು ಸಲ ಬಡಿದು ಬಂದಿರಬೇಕು. ಹಾಗಾದರೆ ಒಂದು ಪಾಯಿಂಟು, ಮತ್ತೆ ನಿನ್ನದೇ ಆಟ. ಆಗದಿದ್ದರೆ ಹೋಗಿ ಕುರ್ಚಿಯಲ್ಲಿ ಕೂತುಕೋ, ಎದುರಿನವರು ಏಳುತ್ತಾರೆ. ಇಷ್ಟೇ ನಿಯಮ.

"ಅಂದ್ರೆ ಒಂದ್ ಗೋಡೆ, ಎರಡ್ ಗೋಡೆ, ಮೂರ್ ಗೋಡೆ, ಆಮೇಲೆ ಕಾಯಿ," ಎಂದಳು ಅಕ್ಕ. ಅಂದಿನಿಂದ ನಮ್ಮ ಮನೆಯಲ್ಲಿ ಕುಶನ್‌ಗೆ ಗೋಡೆ ಎಂದೇ ಹೆಸರಾಯಿತು.

ಕೇರಂ ಬಂದವರಿಗೆ ಇದು ಸುಲಭ ಎಂದು ಭಾವ ಈಗಲೂ ಹೇಳುತ್ತಾರೆ. ಅದೂ ಸುಳ್ಳು. ಕೇರಂ ಬಂದದ್ದೇ ಅಕ್ಕನಿಗೆ ತೊಡಕಾಯಿತು. ಸ್ಟ್ರೈಕರು ಚಪ್ಪಟೆ. ಅದು ಯಾವ ಓರೆಯಲ್ಲಿ ಗೋಡೆಗೆ ಹೋಗುತ್ತದೋ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಹೊರಬರುತ್ತದೆ, ಮತ್ತು ಅಕ್ಕನ ಕಣ್ಣು ಚಿಕ್ಕಂದಿನಿಂದ ಅದನ್ನೇ ನಂಬಿತ್ತು. ಈ ಚೆಂಡಾದರೋ ಉರುಟು. ಕೋಲಿನ ತುದಿ ಚೆಂಡಿನ ಮಧ್ಯಕ್ಕೆ ತಾಗದೆ ಸ್ವಲ್ಪ ಬಲಕ್ಕೆ ತಾಗಿದರೆ ಚೆಂಡು ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ, ಗೋಡೆ ಸಿಕ್ಕಿದ ಕೂಡಲೇ ಬಲಕ್ಕೆ ಅಗಲವಾಗಿ ಹಾರುತ್ತದೆ. ಎಡಕ್ಕೆ ತಾಗಿದರೆ ಇನ್ನೊಂದು ಕಡೆಗೆ. ಮೊದಲ ತಿಂಗಳು ಅಕ್ಕ ಹೊಡೆದ ಚೆಂಡು ಒಂದೂ ಅವಳು ನೋಡಿದ ಕಡೆ ಹೋಗಲಿಲ್ಲ. "ಇದಕ್ಕೆ ಬುದ್ಧಿ ಇಲ್ಲ ಕಣೇ," ಎಂದು ಚೆಂಡಿಗೇ ಬೈಯುತ್ತಿದ್ದಳು.

ಮೇಜಿನ ಮರದ ಅಂಚಿನ ಉದ್ದಕ್ಕೂ ಸಣ್ಣ ಬಿಳಿ ಚುಕ್ಕಿಗಳಿರುತ್ತವೆ. ಅವಕ್ಕೆ ಅಂಕಿ ಕೊಟ್ಟು ಲೆಕ್ಕ ಹಾಕಿ ಹೊಡೆಯುವ ಒಂದು ವಿಧಾನವನ್ನು ಯಜಮಾನರು ಹೇಳಿಕೊಟ್ಟರು. ನಿನ್ನ ಚೆಂಡು ಐವತ್ತರ ಚುಕ್ಕಿಯಲ್ಲಿದೆ, ಮೂರನೇ ಗೋಡೆಯಲ್ಲಿ ಇಪ್ಪತ್ತಕ್ಕೆ ತಲುಪಬೇಕು ಎಂದಾದರೆ, ಕಳೆ. ಮೂವತ್ತು. ಮೊದಲ ಗೋಡೆಯಲ್ಲಿ ಮೂವತ್ತರ ಚುಕ್ಕಿಗೆ ಹೊಡಿ. ನನಗೆ ನಗು ಬಂತು. ಯಾರೋ ಜ್ಯೋತಿಷ್ಯ ಹೇಳುತ್ತಿದ್ದಾರೆ ಅನ್ನಿಸಿತು. ಅವರು ಹೊಡೆದು ತೋರಿಸಿದರು, ಚೆಂಡು ಒಂದು ಗೇಣು ಮುಂದೆ ಹೋಯಿತು.

"ಬಟ್ಟೆ ಹೊಸದು, ಜಾರುತ್ತದೆ," ಎಂದರು. ಇನ್ನೊಂದು ಸಲ ಚೆಂಡು ಹಿಂದೆ ಬಿತ್ತು. "ಇವತ್ತು ಹೊರಗೆ ಮಳೆ, ಬಟ್ಟೆಗೆ ತೇವ."

ನಾನು ಬಿಡಲಿಲ್ಲ. ಪ್ರತಿ ಸೋಲಿಗೂ ಒಂದೊಂದು ಹವಾಮಾನ ಇಟ್ಟುಕೊಂಡಿರುವ ಲೆಕ್ಕವನ್ನು ಲೆಕ್ಕ ಎಂದು ಹೇಗೆ ಒಪ್ಪುವುದು ಎಂದು ಕೇಳಿದೆ. ತಪ್ಪೆಂದು ಸಾಬೀತು ಮಾಡಲು ದಾರಿಯೇ ಇಲ್ಲದಿದ್ದರೆ ಅದು ಸರಿ ಎನ್ನುವುದಕ್ಕೂ ಅರ್ಥವಿಲ್ಲ ಎಂದೆ. ಪಕ್ಕದ ಮೇಜಿನವರೂ ಕೋಲು ನಿಲ್ಲಿಸಿ ನನ್ನ ಭಾಷಣ ಕೇಳಿದರು. ಯಜಮಾನರು ಅಕ್ಕನಿಗೆ ಕಣ್ಣು ಸನ್ನೆ ಮಾಡಿದರು. ಅಕ್ಕ ಅಂಚಿನ ಚುಕ್ಕಿಗಳನ್ನು ನೋಡಿದಳು, ಕಿಟಕಿಯಾಚೆಯ ಮಳೆಯನ್ನು ನೋಡಿದಳು, ಮೂವತ್ತಕ್ಕಿಂತ ಕೂದಲೆಳೆಯಷ್ಟು ಆಚೆ ಗುರಿ ಇಟ್ಟು ತಳ್ಳಿದಳು.

ಟಿಕ್ ಎಂದು ಕೆಂಪು ಚೆಂಡು. ಆಮೇಲೆ ಡಬ್, ಉದ್ದ ಗೋಡೆ. ಡಬ್, ಗಿಡ್ಡ ಗೋಡೆ. ಅಕ್ಕನ ಹಳದಿ ಚೆಂಡು ಈಗ ಮೇಜಿನ ಪೂರ್ತಿ ಉದ್ದಕ್ಕೆ ಒಂಟಿಯಾಗಿ ಹೊರಟಿತ್ತು, ನಿಧಾನವಾಗುತ್ತ, ನಿಂತೇಬಿಡುತ್ತದೇನೋ ಎನ್ನುವಂತೆ. ಡಬ್, ಮೂರನೇ ಗೋಡೆ. ಅಲ್ಲಿಂದ ತಿರುಗಿ, ಬೇರೆ ಯಾರಿಗೋ ಕಾದಿದ್ದಂತೆ ಕೂತಿದ್ದ ಬಿಳಿಯ ಚೆಂಡಿನ ಕೆನ್ನೆಗೆ ಹೋಗಿ, ಟಿಕ್.

ನಾನು ಕಿರುಚಿದೆ. ನಿಜವಾಗಿ ಕಿರುಚಿದೆ. ಆ ಹಾಲಿನಲ್ಲಿ ಯಾರೂ ಕಿರುಚುವುದಿಲ್ಲವಂತೆ, ಆಮೇಲೆ ಗೊತ್ತಾಯಿತು. ಮೂವತ್ತು ಎಂಬುದು ಸರಿಯೋ ತಪ್ಪೋ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಎರಡನೇ 'ಟಿಕ್' ಕೇಳಲು ನಾನು ಮುಂದಿನ ಎರಡು ವರ್ಷ ಪ್ರತಿ ಶನಿವಾರ ನನ್ನ ಅಸೈನ್‌ಮೆಂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಆ ಮೆಟ್ಟಿಲು ಹತ್ತಿದೆ.

ಭಾವ ಅಕ್ಕನ ಪ್ರಚಾರದ ಹೊಣೆ ಹೊತ್ತರು. ಈ ಆಟದಲ್ಲಿ ಬೇಡದ ಹೊತ್ತಿನಲ್ಲಿ ಎರಡು ಚೆಂಡುಗಳು ಒಂದಕ್ಕೊಂದು ಅಡ್ಡ ಬಂದು ತಾಗಿದರೆ ಅದಕ್ಕೆ ಕಿಸ್ ಎನ್ನುತ್ತಾರೆ. ಒಂದು ಬೆಳಿಗ್ಗೆ ತುಂಬಿದ ರೈಲಿನಲ್ಲಿ ಭಾವ ಗೆಳೆಯನೊಬ್ಬನಿಗೆ ಫೋನಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು: "ಚೆನ್ನಾಗೇ ಆಡ್ತಾಳೆ ಮಾರಾಯ. ಆದ್ರೆ ಈಚೆಗೆ ನನ್ನ ಹೆಂಡ್ತಿಗೆ ಕಿಸ್ ಜಾಸ್ತಿ ಆಗ್ಬಿಟ್ಟಿದೆ. ನಿನ್ನೆ ಆ ಕೊರಿಯಾದ ಹುಡುಗನ ಜೊತೆ ಮೂರ್ ಸಲ ಆಯ್ತು." ಎದುರು ಸೀಟಿನಲ್ಲಿದ್ದ ಆಂಟಿ ಕನ್ನಡದವರು ಎಂದು ಅವರು ಮುಖ ತಿರುಗಿಸಿದ ರಭಸದಿಂದಲೇ ನನಗೆ ಗೊತ್ತಾಯಿತು.

ಕಿಸ್ ಕಮ್ಮಿಯಾಯಿತು. ಅಕ್ಕ ಸಿಡ್ನಿಯ ಹಾಲುಗಳಲ್ಲಿ ಒಬ್ಬೊಬ್ಬರನ್ನೇ ಸೋಲಿಸತೊಡಗಿದಳು. ಯಜಮಾನರ ಬಳಿ ವಿಶ್ವಮಟ್ಟದ ಪಂದ್ಯಗಳ ಸಿಡಿಗಳಿದ್ದವು. ಅವನ್ನು ಮನೆಗೆ ತಂದು, ಒಂದೇ ಹೊಡೆತವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದಳು. ಅಲ್ಲಿ ಆಡುವವರು ಚೆಂಡನ್ನು ಹೊಡೆದಂತೆ ಕಾಣುತ್ತಲೇ ಇರಲಿಲ್ಲ. ಈ ಪಾಯಿಂಟು ಗಳಿಸುವುದರ ಜೊತೆಗೆ ಮುಂದಿನದಕ್ಕೆ ಮೂರೂ ಚೆಂಡು ಎಲ್ಲಿ ಬಂದು ನಿಲ್ಲಬೇಕೆಂದೂ ಮೊದಲೇ ಹೇಳಿಟ್ಟಂತೆ ಆಡುತ್ತಿದ್ದರು.

ಆ ಸಲದ ಮೆಲ್ಬರ್ನ್ ಪಂದ್ಯದಲ್ಲಿ ಗೆದ್ದವರೊಬ್ಬರಿಗೆ ಅಂಥದೇ ಒಂದು ವಿದೇಶದ ಕೂಟಕ್ಕೆ ಹೋಗುವ ಅವಕಾಶವಿತ್ತು. ಒಬ್ಬರಿಗೆ ಮಾತ್ರ. ಎರಡನೆಯವರಿಗೆ ಹಸ್ತಲಾಘವ.

"ಅವ್ರ ಪಕ್ಕದ ಟೇಬಲ್ಲಲ್ಲಿ ನಿಂತು ಒಂದ್ ಸಲ ಆಡ್ಬೇಕು ಕಣೇ," ಎಂದಳು ಅಕ್ಕ, ಪಾತ್ರೆ ತೊಳೆಯುತ್ತ. "ಮೊದಲ್ನೇ ರೌಂಡಲ್ಲೇ ಸೋತು ಬಂದ್ರೂ ಪರ್ವಾಗಿಲ್ಲ. ಆ ಸಲದ ಹಾಗೆ ಹೋಗ್ದೇ ಇರೋದು ಬೇಡ."

ಟೀವಿ ಮುಂದೆ ಕೂತಿದ್ದ ಭಾವ ಸದ್ದಿಲ್ಲದೆ ಎದ್ದುಹೋಗಿ ಮೆಲ್ಬರ್ನಿಗೆ ಮೂರು ಟಿಕೆಟ್ ಬುಕ್ ಮಾಡಿದರು.

ಮೆಲ್ಬರ್ನಿನಲ್ಲಿ ಇಳಿದು ಒಂದು ಕಾರು ಬಾಡಿಗೆಗೆ ಹಿಡಿದೆವು. ಪಂದ್ಯ ಇದ್ದದ್ದು ಕೋಬರ್ಗ್ ಎಂಬ ಸಬರ್ಬಿನಲ್ಲಿ, ಟರ್ಕಿಯ ಮೂಲದವರು ಸೇರುವ ಒಂದು ಹಾಲಿನಲ್ಲಿ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಕೆಂಪು ಚಹಾ ಸುತ್ತುತ್ತಿತ್ತು. ಆಟಗಾರರು ಕಪ್ಪು ಪ್ಯಾಂಟು, ಅಂಗಿಯ ಮೇಲೆ ವೇಸ್ಟ್‌ಕೋಟು ಹಾಕಬೇಕು ಎಂಬ ನಿಯಮ. ಅಕ್ಕನ ಅಳತೆಯ ವೇಸ್ಟ್‌ಕೋಟು ಸಿಕ್ಕಿದ್ದು ಹೋಟೆಲಿನವರಿಗೆ ಬಟ್ಟೆ ಮಾರುವ ಅಂಗಡಿಯಲ್ಲಿ. ಅದನ್ನು ತೊಟ್ಟು ಅವಳು ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಆಟಗಾರ ಅವಳ ಕೈಗೆ ತನ್ನ ಖಾಲಿ ಲೋಟ ಕೊಟ್ಟು "ಇನ್ನೊಂದು" ಎಂದ. ಮಧ್ಯಾಹ್ನದ ಸುತ್ತಿನಲ್ಲಿ ಅಕ್ಕ ಅವನನ್ನೇ ಸೋಲಿಸಿದಳು. ಸೋಲಿಸಿ, ಒಳಗೆ ಹೋಗಿ, ಅವನಿಗೆ ಒಂದು ಲೋಟ ಚಹಾ ತಂದುಕೊಟ್ಟಳು. ಹಾಲಿನವರು ಮೇಜು ಕುಟ್ಟಿ ನಕ್ಕರು, ಅವನೂ ನಕ್ಕ. ಅಲ್ಲಿಂದಾಚೆ ಆ ಹಾಲಿನ ಅರ್ಧ ಜನ ಅಕ್ಕನ ಕಡೆ.

ಉಳಿದರ್ಧ ಜನ ಅಬಿಯ ಕಡೆ. ಅವರ ಭಾಷೆಯಲ್ಲಿ ಅಬಿ ಎಂದರೆ ಅಣ್ಣ. ಆ ಹಾಲಿನ ಹಿರಿಯರನ್ನು, ಮರುದಿನದ ಫೈನಲ್ಲಿನಲ್ಲಿ ಅಕ್ಕನ ಎದುರಾಳಿಯಾಗಿದ್ದವರನ್ನು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಬಿಳಿ ಮೀಸೆ, ಹೊಳೆಯುವ ಬೂಟು, ಅವಸರವೇ ಗೊತ್ತಿಲ್ಲದ ಕೈ. ಅವರು ಹೊಡೆದ ಚೆಂಡು ಮೂರು ಗೋಡೆ ದಾಟಿ ಬರುವಷ್ಟರಲ್ಲಿ ನಾವು ಬೇಕಾದರೆ ಒಂದು ಗುಟುಕು ಚಹಾ ಕುಡಿದು ಲೋಟ ಕೆಳಗಿಡಬಹುದಿತ್ತು.

ಮೊದಲು ಮೂವತ್ತು ಪಾಯಿಂಟು ಮಾಡಿದವರು ಗೆದ್ದಂತೆ. ಅಬಿ ಬೇಗ ಮುಂದೆ ಹೋದರು. ಅವರು ಇಪ್ಪತ್ತು ದಾಟಿದಾಗ ಅಕ್ಕ ಹದಿನೈದರ ಹತ್ತಿರ ಒದ್ದಾಡುತ್ತಿದ್ದಳು. ಕುರ್ಚಿಯಲ್ಲಿ ಕೂತಾಗಲೆಲ್ಲ ಅವಳ ನಡುಬೆರಳು ತೊಡೆಯ ಮೇಲೆ ಸುಮ್ಮನೆ ಚಿಮ್ಮುತ್ತಿತ್ತು. ನನ್ನ ಪಕ್ಕದಲ್ಲಿದ್ದ ಭಾವ, "ಸೋತ್ರೂ ಸೆಕೆಂಡ್ ಪ್ಲೇಸ್ ಅಲ್ವಾ, ದೊಡ್ಡದೇ," ಎನ್ನತೊಡಗಿದರು. "ಭಾವ, ಬಾಯ್ಮುಚ್ಕೊಂಡಿರಿ," ಎಂದೆ.

ಆಗ ಆ ಹೊಡೆತ ಬಂತು. ಎರಡೂ ಚೆಂಡುಗಳು ಒಂದು ಮೂಲೆಯಲ್ಲಿ ಒಟ್ಟಿಗೆ ಸಿಕ್ಕಿಕೊಂಡಿದ್ದವು, ಚೆಂಡಿಗೆ ಚೆಂಡು ಹೊಡೆದು ಹೋಗುವ ದಾರಿ ಯಾವುದೂ ಇರಲಿಲ್ಲ. ಅಕ್ಕ ಬೆನ್ನು ತಿರುಗಿಸಿ ಖಾಲಿ ಕಡೆಗೆ ಹೊಡೆದಳು. ಮೊದಲೇ ಮೂರು ಗೋಡೆ, ಡಬ್, ಡಬ್, ಡಬ್, ಯಾವ ಚೆಂಡನ್ನೂ ಮುಟ್ಟದೆ. ಆಮೇಲೆ ಮೂಲೆಗೆ ನುಗ್ಗಿ ಎರಡನ್ನೂ ಒಂದೇ ಉಸಿರಿಗೆ, ಟಿಕ್-ಟಿಕ್. ಇಡೀ ಹಾಲು ಕೋಲಿನ ಬುಡವನ್ನು ನೆಲಕ್ಕೆ ಕುಟ್ಟಿತು. ಒಳ್ಳೆಯ ಹೊಡೆತಕ್ಕೆ ಈ ಆಟದವರ ಚಪ್ಪಾಳೆ ಅದು. ಕುರ್ಚಿಯಲ್ಲಿ ಕೂತಿದ್ದ ಅಬಿಯೂ ಕುಟ್ಟಿದರು. ಅಕ್ಕ ಕುರ್ಚಿಗೆ ಮರಳದೆ ಸತತ ಏಳು ಪಾಯಿಂಟು ಮಾಡಿದಳು. ಅಬಿ ಎರಡು. ಅಕ್ಕ ಮೂರು. ನಾನು ಉಗುರು ಮುಗಿಸಿ ಬೆರಳಿಗೆ ಬಂದಿದ್ದೆ. ಭಾವ ಗಡಿಯಾರ ನೋಡಿ, "ಅಯ್ಯೋ, ಕಾರು! ಐದೇ ನಿಮಿಷ, ಬಂದೆ," ಎಂದು ಓಡಿದರು.

ಅವರು ಹೋದ ಮೇಲೂ ಒಂದೊಂದೇ ಪಾಯಿಂಟು ಏರುತ್ತ ಹೋಗಿ, ಕೊನೆಗೆ ಇಬ್ಬರೂ ಇಪ್ಪತ್ತೊಂಬತ್ತು. ಸರದಿ ಅಕ್ಕನದು.

ಅಕ್ಕನದು ಹಳದಿ ಚೆಂಡು. ಕೆಂಪು ಮೇಜಿನ ನಡುವೆ. ಬಿಳಿ ಮಾತ್ರ ಆಚೆ ಕಡೆಯ ಉದ್ದ ಗೋಡೆಗೆ ಒಂದು ಬೆರಳು ದೂರದಲ್ಲಿ ನಿಂತಿತ್ತು. ಅಬಿಯ ಕುರ್ಚಿ ಇದ್ದದ್ದು ಆ ಗೋಡೆಯ ಪಕ್ಕದಲ್ಲೇ, ಅವರು ಕೈ ಚಾಚಿದರೆ ಚೆಂಡು ಸಿಗುವಷ್ಟು ಹತ್ತಿರ. ಅಕ್ಕ ಕೆಂಪನ್ನು ತೆಳ್ಳಗೆ ಸವರಿ, ಎರಡು ಗೋಡೆ ಮುಗಿಸಿ, ಆ ಬೆರಳಗಲದ ಸಂದಿಯ ಪಕ್ಕದಲ್ಲಿ ಮೂರನೇ ಗೋಡೆಗೆ ಬಡಿದು ಬಿಳಿಯನ್ನು ಮುಟ್ಟಬೇಕು. ಗೋಡೆ ಮೊದಲು, ಚೆಂಡು ಆಮೇಲೆ ಆದರೆ ಪಾಯಿಂಟು, ಪಂದ್ಯ, ವಿಮಾನ. ಚೆಂಡು ಮೊದಲಾದರೆ ಏನೂ ಇಲ್ಲ.

ಅಕ್ಕ ಕುಳ್ಳಿ. ಒಂದು ಕಾಲು ನೆಲಕ್ಕೆ ತಾಗಿರಲೇಬೇಕೆಂಬ ನಿಯಮಕ್ಕಾಗಿ ಹೆಬ್ಬೆರಳ ತುದಿಯಲ್ಲಿ ನಿಂತು, ಮೇಜಿನ ಮೇಲೆ ಪೂರ್ತಿ ಅಡ್ಡ ಬಿದ್ದು ಹೊಡೆದಳು. ರೆಫರಿ ಅವಳ ಹಿಂದಿನ ಮೂಲೆಯಲ್ಲಿದ್ದ, ಬಗ್ಗಿ ನೋಡಲು ಹೋದವನಿಗೆ ಅವಳ ಬೆನ್ನೇ ಅಡ್ಡ. ಟಿಕ್, ಕೆಂಪು. ಡಬ್. ಡಬ್. ಹಳದಿ ಚೆಂಡು ಆ ಸಂದಿಯ ಕಡೆ ತೇಲುತ್ತ ಹೋಯಿತು. ಆಮೇಲೆ ಎರಡು ಸದ್ದು, ಒಂದರ ಮೇಲೊಂದು ಬಿದ್ದ ಹಾಗೆ. ಬಿಳಿ ಅಲ್ಲಾಡಿತು.

ಯಾರೂ ಕೋಲು ಕುಟ್ಟಲಿಲ್ಲ. ಎಲ್ಲರೂ ರೆಫರಿಯನ್ನು ನೋಡಿದರು. ರೆಫರಿ, ಹೊಸಬ, ಮೇಜಿನ ಮೇಲಿಂದ ಇಳಿಯುತ್ತಿದ್ದ ಅಕ್ಕನನ್ನು ಹುಬ್ಬೇರಿಸಿ ನೋಡಿದ. ಅಕ್ಕ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿಸಿದಳು.

"ಪಾಯಿಂಟ್ ಇಲ್ಲ," ಎಂದ ರೆಫರಿ.

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೋಲು ಕುಟ್ಟಿದ್ದಲ್ಲ, ನಿಜವಾದ ಚಪ್ಪಾಳೆ. ಅಬಿ ಎದ್ದು ಬಂದು ಎದೆಯ ಮೇಲೆ ಕೈಯಿಟ್ಟು ಅಕ್ಕನಿಗೆ ತಲೆಬಾಗಿದರು. "ಪ್ರಾಮಾಣಿಕ ಹೆಣ್ಣುಮಗಳು. ನನ್ನ ತಂಗಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಮೇಜಿನ ಕಡೆ ತಿರುಗಿದರು. ಚೆಂಡುಗಳು ಅವರಿಗೆ ಸುಲಭವಾಗಿ ನಿಂತಿದ್ದವು. ಅವಸರವಿಲ್ಲದೆ ಹೊಡೆದರು. ಮೂವತ್ತು.

ನಾನು ಅಕ್ಕನನ್ನು ಕೈಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದೆ.

"ಯಾಕಕ್ಕ ಇಲ್ಲ ಅಂದೆ?"

"ಯಾವಾಗ ಇಲ್ಲ ಅಂದೆ?"

"ತಲೆ ಆಡಿಸಿದ್ಯಲ್ಲ! ರೆಫರಿ ಕೇಳ್ದಾಗ!"

"ಅಯ್ಯೋ, ಅದು ಇಲ್ಲ ಅಂತ ಅಲ್ವೇ. ಮೂತಿ ಬಟ್ಟೆಗೆ ಒತ್ಕೊಂಡು ಬಿದ್ದಿದ್ದೆ, ನಂಗೇನ್ ಕಾಣ್ಸುತ್ತೆ? ನಂಗೆ ಗೊತ್ತಿಲ್ಲ ಸಾರ್, ನೀವೇ ನೋಡಿ ಹೇಳಿ ಅಂದೆ."

"ಯಾವ ಬಾಯಲ್ಲಿ ಅಂದೆ?"

"ತಲೇಲಿ ಅಂದೆ."

ನಾನು ಗೋಡೆಗೆ ಒರಗಿದೆ. ಮೈಸೂರಿನ ಯಾವ ತರಕಾರಿ ಅಂಗಡಿಯಲ್ಲಿ ಬೇಕಾದರೂ ಆ ತಲೆಗೆ ಒಂದೇ ಅರ್ಥ: ನೀವು ಹೇಳಿದಂತೆ. ಕೋಬರ್ಗಿನಲ್ಲಿ ಅದು ಕತ್ತು ಅಡ್ಡಡ್ಡ ಆಡಿಸಿದ್ದು, ಅಂದರೆ ಇಲ್ಲ.

"ಬಾ, ಹೋಗಿ ಹೇಳೋಣ."

"ಏನಂತ?" ಅಕ್ಕ ವೇಸ್ಟ್‌ಕೋಟಿನ ಗುಂಡಿ ಬಿಚ್ಚುತ್ತಿದ್ದಳು. "ಅಷ್ಟು ಜನ ಎದ್ ನಿಂತು ಚಪ್ಪಾಳೆ ತಟ್ಟಿದ್ಮೇಲೆ, ಇಲ್ಲ ಸ್ವಾಮಿ, ನಾನು ಅಷ್ಟೊಂದ್ ಪ್ರಾಮಾಣಿಕಳಲ್ಲ, ಪಾಯಿಂಟ್ ವಾಪಸ್ ಕೊಡಿ ಅನ್ಲಾ? ಅದು ಮುಟ್ಟಿತ್ತೋ ಇಲ್ವೋ ಅನ್ನೋದೇ ನಂಗೆ ಗೊತ್ತಿಲ್ಲ. ನಿಂಗ್ ಗೊತ್ತಾ?"

ಅಷ್ಟರಲ್ಲಿ ಭಾವ ಏದುಸಿರು ಬಿಡುತ್ತ ಬಂದರು. ಬಾಗಿಲಲ್ಲೇ ಯಾರೋ ಅವರಿಗೆ ವಿಷಯ ತಿಳಿಸಿದ್ದರು. ಕಣ್ಣಲ್ಲಿ ನೀರಿತ್ತು. "ಏನ್ ಕೆಲ್ಸ ಮಾಡ್ಬಿಟ್ಟೆ ಕಣೇ ನೀನು," ಎಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಅಕ್ಕ ನನ್ನ ಮುಖ ನೋಡಿದಳು. ಈಗ ಬೇಡ ಎಂದು ಆ ಕಣ್ಣು ಹೇಳಿತು. ಆ ಸನ್ನೆಯಾದರೂ ನನಗೆ ಸರಿಯಾಗಿ ಅರ್ಥವಾಯಿತು. ಭಾವನ ಕಥೆ ಹುಟ್ಟಿದ್ದು ಆ ಕಾರಿಡಾರಿನಲ್ಲಿ.

ನಿಂಗ್ ಗೊತ್ತಾ ಎಂದು ಅಕ್ಕ ಕೇಳಿದ್ದು ನನ್ನ ತಲೆಯೊಳಗೆ ಸುತ್ತುತ್ತಿತ್ತು. ನನಗೆ ಕೇಳಿಸಿತ್ತು. ಮೊದಲು ಡಬ್, ಆಮೇಲೆ ಟಿಕ್. ಆದರೆ ನನ್ನ ಸಾಕ್ಷ್ಯವನ್ನು ನಾನೇ ಒಪ್ಪುವುದಿಲ್ಲ. ನಾನು ಅಕ್ಕನ ಕಡೆಯವಳು, ನನಗೆ ಬೇಕಾದ ಸದ್ದು ಮೊದಲು ಕೇಳಿಸಿರಬಹುದು. ರೆಫರಿಗೆ ಕಂಡಿಲ್ಲ. ಅಕ್ಕನಿಗೆ ಕಂಡಿಲ್ಲ. ಜನ ನೋಡಿದ್ದು ಅಕ್ಕನ ತಲೆಯನ್ನು, ಚೆಂಡನ್ನಲ್ಲ. ಆ ಗೋಡೆಯ ಪಕ್ಕದಲ್ಲಿ ಕಿವಿ ಇಟ್ಟುಕೊಂಡು ಕೂತಿದ್ದವರು ಒಬ್ಬರೇ. ಆ ಸದ್ದಿನಿಂದ ಗೆಲ್ಲುವುದೋ ಸೋಲುವುದೋ ಆಗುವವರೂ ಅವರೇ. ಅಷ್ಟು ಹೊತ್ತೂ ಎಲ್ಲರೂ ಅಕ್ಕನ ಪ್ರಾಮಾಣಿಕತೆಯನ್ನು ಹೊಗಳಿದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಹಾಲಿನೊಳಗೆ ಅಬಿ ಅದೇ ಕುರ್ಚಿಯಲ್ಲಿ ಕೂತಿದ್ದರು. ಸುತ್ತ ಜನ, ಬೆನ್ನು ತಟ್ಟುವ ಕೈಗಳು. ನನ್ನನ್ನು ಕಂಡು ನಕ್ಕು ಪಕ್ಕದ ಕುರ್ಚಿ ಎಳೆದರು, ಒಂದು ಲೋಟ ಚಹಾ ನನ್ನ ಮುಂದೆ ಸರಿಸಿದರು. ಅವರು ಒಳ್ಳೆಯವರು. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಕೇಳಬೇಕೆನ್ನಿಸಿದ್ದು ಅದಕ್ಕೇ. ಕೂರಲಿಲ್ಲ. ನಿಂತೇ ಕೇಳಿದೆ:

"ಅಬಿ, ನೀವು ಇಲ್ಲೇ ಕೂತಿದ್ದಿರಿ. ನಿಮಗೆ ಮೊದಲು ಕೇಳಿಸಿದ್ದು ಯಾವುದು, ಗೋಡೆಯೋ, ಚೆಂಡೋ?"